ಪಾಲು ಕೇಳಿದ ತಂಗಿಗೆ ತವರು ಇಲ್ಲವೇ?

ಶ್ರಾವಣ ಸಮೀಪಿಸಿದಂತೆ ನಮ್ಮ ಚಿಕಿತ್ಸಾಲಯಕ್ಕೆ ಬರುವವರ ದೂರುಗಳು ಬದಲಾಗುತ್ತವೆ. ಮಳೆಗಾಲದಲ್ಲಿ ವಾತ ಕೆರಳುತ್ತದೆ, ಜಠರಾಗ್ನಿ ಮಂದವಾಗುತ್ತದೆ ಎಂಬುದು ಶಾಸ್ತ್ರದ ಮಾತೇ ಆಗಿದೆ. ಕೀಲುನೋವು, ಅಜೀರ್ಣ, ಕೆಮ್ಮು ಇವೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಆದರೆ ನಾಗರ ಪಂಚಮಿಯ ಹಿಂದುಮುಂದಿನ ದಿನಗಳಲ್ಲಿ ಬರುವ ಕೆಲವು ತಾಯಂದಿರ ಕಾಯಿಲೆಯನ್ನು ಋತುವಿನ ಲೆಕ್ಕಕ್ಕೆ ಹಾಕಲು ನಮ್ಮಿಂದ ಆಗಿಲ್ಲ. ಊಟ ರುಚಿಸುವುದಿಲ್ಲ, ತಲೆ ಸುತ್ತುತ್ತದೆ, ಎದೆಯ ಮೇಲೆ ಕಲ್ಲಿಟ್ಟಂತೆ ಭಾರ, ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ರೆಯಿಲ್ಲ. ಈ ನಾಲ್ಕು ದೂರುಗಳನ್ನು ಒಂದೇ ಬಾಯಿಂದ, ಇದೇ ಕಾಲದಲ್ಲಿ, ವರ್ಷವರ್ಷವೂ ಕೇಳುತ್ತ ಬಂದಿದ್ದೇವೆ. ಹೊಟ್ಟೆಯನ್ನು ಮುಟ್ಟಿ ನೋಡಿ, ನಾಡಿ ಹಿಡಿದು, ನಾಲಗೆ ನೋಡಿ ಔಷಧ ಬರೆಯುವುದಷ್ಟೇ ನಮ್ಮ ಕೆಲಸವೆಂದು ಬಹುಕಾಲ ತಿಳಿದಿದ್ದೆವು. "ಪಂಚಮಿಗೆ ತವರಿನಿಂದ ಯಾರು ಕರೆಯಲು ಬಂದಿದ್ದರು ತಾಯಿ?" ಎಂದು ಕೇಳುವುದನ್ನು ಕಲಿತದ್ದು ತಡವಾಗಿ.

ಕೆಲವು ವರ್ಷಗಳ ಹಿಂದೆ 55ರ ಆಸುಪಾಸಿನ ತಾಯಿಯೊಬ್ಬರನ್ನು ಮಗ ಕರೆತಂದನು. ಗುರುತು ಹತ್ತುವ ವಿವರಗಳನ್ನು ಇಲ್ಲಿ ಬಿಟ್ಟಿದ್ದೇವೆ. ದೊಡ್ಡ ಊರಿನಲ್ಲಿ ಇಸಿಜಿ, ಎಕೋ, ರಕ್ತ ಪರೀಕ್ಷೆ ಎಲ್ಲ ಆಗಿತ್ತು. ಎಲ್ಲವೂ ಸರಿಯಾಗಿಯೇ ಇದ್ದವು. ನಾವೂ ದೀಪನ, ಪಾಚನ ಎಂದು ಮೂರು ತಿಂಗಳು ಔಷಧ ಕೊಟ್ಟೆವು. ಹಸಿವು ಒಂದು ವಾರ ಬಂದಂತಾಗಿ ಮತ್ತೆ ಹೋಗುತ್ತಿತ್ತು. ಒಂದು ದಿನ ಮಗ ಔಷಧದ ಅಂಗಡಿಗೆ ಹೋದಾಗ ಆ ಪ್ರಶ್ನೆ ಕೇಳಿದೆವು. ಆಕೆ ಬಹಳ ಹೊತ್ತು ಸೆರಗಿನ ತುದಿಯನ್ನು ತಿರುವುತ್ತ ಕುಳಿತರು. ಆಮೇಲೆ ಹೇಳಿದರು: "ಪಾಲು ಬೇಕಂದ್ರ ತಗೊಂಡು ಹೋಗು, ತವರಮನಿ ದಾರಿ ಮರತಬಿಡು ಅಂದ್ರರೀ ಅಣ್ಣಾರು. ಮೂರು ಪಂಚಮಿ ಆತ್ರೀ ಡಾಕ್ಟರ್ ಸಾಹೇಬ್ರ, ಊರಿನ ಬಸ್ಸು ಬಂದಾಗೊಮ್ಮೆ ಬಾಗಲಾ ನೋಡತೀನಿ." ಗಂಡನ ಶಸ್ತ್ರಚಿಕಿತ್ಸೆಗೆ ಸಾಲವಾಗಿ, ಬೇರೆ ದಾರಿ ಕಾಣದೆ, ತಂದೆಯ ಹೊಲದಲ್ಲಿ ತಮಗೆ ಸಲ್ಲಬೇಕಾದುದನ್ನು ಅವರು ಕೇಳಿದ್ದರು. ಅದರ ಮರುವರ್ಷದಿಂದ ಉಂಡಿಯ ಡಬ್ಬಿಯೂ ಇಲ್ಲ, ಕರೆಯೂ ಇಲ್ಲ. ಅಣ್ಣನ ಮೊಮ್ಮಗನ ಜವಳಕ್ಕೂ ಹೇಳಿಕಳುಹಿಸಲಿಲ್ಲ. ಗಂಡನ ಎದುರು ಅತ್ತರೆ "ನಿನ್ನ ತವರಿನವರು" ಎಂಬ ಮಾತು ಶುರುವಾಗುತ್ತದೆ, ಮಕ್ಕಳ ಎದುರು ಅತ್ತರೆ ಅವರು ಸೋದರಮಾವನನ್ನು ದ್ವೇಷಿಸುತ್ತಾರೆ. ಆದುದರಿಂದ ಆಕೆ ಅಳುವುದನ್ನೇ ಬಿಟ್ಟಿದ್ದರು.

ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ವೇಗಗಳ ವಿಚಾರ ಬರುತ್ತದೆ. ದೇಹದಲ್ಲಿ ತಾನಾಗಿ ಹುಟ್ಟುವ 13 ವೇಗಗಳನ್ನು ತಡೆಯಬಾರದೆಂದು ಆಚಾರ್ಯರು ಹೇಳಿದ್ದಾರೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ರೆ ಇವುಗಳ ಸಾಲಿನಲ್ಲಿ ಕಣ್ಣೀರೂ ಇದೆ. ಕಣ್ಣೀರನ್ನು ತಡೆದವರಿಗೆ ನೆಗಡಿ, ಕಣ್ಣಿನ ರೋಗ, ಹೃದ್ರೋಗ, ಅರುಚಿ, ತಲೆಸುತ್ತು ಬರುತ್ತವೆ ಎಂದಿದೆ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಆ ತಾಯಿ ಎದುರಿಗೆ ಕುಳಿತ ದಿನ ಅದರ ಅರ್ಥ ಹೊಳೆಯಿತು. ಅದೇ ಅಧ್ಯಾಯ ಮುಂದುವರಿದು, ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ. ಮನಸ್ಸಿಗೆ ಸಂಬಂಧಿಸಿದವುಗಳಲ್ಲಿ ಮೊದಲನೆಯದು ಲೋಭ. ಶೋಕ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ ಮೊದಲಾದವುಗಳನ್ನು ಹೇಳಿ ಕೊನೆಗೆ 'ಅಭಿಧ್ಯಾ' ಎಂಬ ಶಬ್ದ ಬರುತ್ತದೆ. ಪರರ ಸೊತ್ತಿನ ಮೇಲಿನ ಆಸೆ ಎಂದು ಅದರ ಅರ್ಥ. ಶೋಕವನ್ನು ಹಿಡಿತದಲ್ಲಿಡಿರಿ ಎನ್ನುವ ಶಾಸ್ತ್ರವೇ ಕಣ್ಣೀರನ್ನು ತಡೆಯಬೇಡಿರಿ ಎನ್ನುವುದರಲ್ಲಿ ವಿರೋಧವೇನೂ ಇಲ್ಲ. ಅತ್ತು ಹಗುರಾಗುವುದು ಬೇರೆ, ದುಃಖವನ್ನು ಸಾಕಿಕೊಂಡಿರುವುದು ಬೇರೆ. ನಮ್ಮ ಮನೆಗಳಲ್ಲಿ ನಡೆದಿರುವುದು ಇದರ ತಿರುವು ಮುರುವು: ಲೋಭಕ್ಕೆ ಕಟ್ಟೆಯಿಲ್ಲ, ಹೆಣ್ಣುಮಗಳ ಕಣ್ಣೀರಿಗೆ ಮಾತ್ರ ಕಟ್ಟೆ ಕಟ್ಟಿದ್ದೇವೆ.

ಇಲ್ಲೊಂದು ಎಚ್ಚರಿಕೆಯ ಮಾತು. ಎದೆ ಬಿಗಿತ, ತಲೆಸುತ್ತು ಇವೆಲ್ಲ ಮನಸ್ಸಿನ ನೋವಿನಿಂದಲೇ ಬಂದವು ಎಂದು ಯಾರೂ ತಾವಾಗಿಯೇ ತೀರ್ಮಾನಿಸಬಾರದು. ಹೆಣ್ಣುಮಕ್ಕಳ ಹೃದಯಾಘಾತವನ್ನು "ಗ್ಯಾಸ್ ಆಗಿರಬೇಕು" ಎಂದು ಮನೆಯವರು ಅಲಕ್ಷಿಸಿ ಕಳೆದುಕೊಂಡ ಜೀವಗಳನ್ನು ನಾವು ಕಂಡಿದ್ದೇವೆ. ಮೊದಲು ಪರೀಕ್ಷೆಯಾಗಲಿ. ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಮ್ಮ ಕಷಾಯ ಶುರುವಾಯಿತೆಂದು ನಿಲ್ಲಿಸಬಾರದು.

ನಮ್ಮ ಭಾಗದಲ್ಲಿ ಪಂಚಮಿಯಂದು ಹಾಲೆರೆಯುವಾಗ ಮನೆಯ ಒಬ್ಬೊಬ್ಬರನ್ನೂ ನೆನೆದು ಇದು ಅವರ ಪಾಲು, ಇದು ಇವರ ಪಾಲು ಎಂದು ಹೇಳುವ ರೂಢಿಯಿದೆ. ಹಾಲನ್ನು ಕಲ್ಲಿಗೆ ಎರೆಯದೆ ಮಕ್ಕಳಿಗೆ ಕುಡಿಸಿರೆಂದು ಅನೇಕ ಮಠಗಳು ಹೇಳುತ್ತ ಬಂದಿವೆ. ವೈದ್ಯರಾಗಿ ನಮಗೂ ಅದೇ ಸರಿಯೆನಿಸುತ್ತದೆ. ಆದರೆ ಆ ಹಳೆಯ ರೂಢಿಯಲ್ಲಿ ಕೊಟ್ಟ ಮನೆಗೆ ಹೋದ ಅಕ್ಕತಂಗಿಯರ ಪಾಲನ್ನು ಯಾರೂ ಮರೆಯುತ್ತಿರಲಿಲ್ಲ. ಹಾಲಿನಲ್ಲಿದ್ದ ಪಾಲು ಹೊಲದಲ್ಲಿ ಏಕಿಲ್ಲವೆಂದು ಕೇಳಿದವಳು ಮಾತ್ರ ಕೆಟ್ಟವಳಾಗುತ್ತಾಳೆ. ಅಕ್ಕನಿಗೆ ಇಲ್ಲದ ಉಪನಯನ ತನಗೂ ಬೇಡವೆಂದು ಮನೆ ಬಿಟ್ಟು ಹೊರಟ ಬಾಲಕ ಬಸವಣ್ಣನವರ ಕಥೆಯನ್ನು ಶ್ರಾವಣದ ಪ್ರವಚನಗಳಲ್ಲಿ ಎಷ್ಟು ಸಲ ಕೇಳಿಲ್ಲ ನಾವು! ಕೇಳಿ ತಲೆದೂಗಿ, ಪ್ರಸಾದ ಸ್ವೀಕರಿಸಿ, ಮರುದಿನ ಅಕ್ಕನನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದವರೂ ನಮ್ಮ ನಡುವೆ ಇದ್ದಾರೆ. ಅವರ ಸಾಲಿನಲ್ಲಿ ಈ ಬರಹಗಾರರೂ ಇದ್ದಾರೆಂಬುದನ್ನು ಮುಂದೆ ಹೇಳಲಿದ್ದೇವೆ.

ನಾವು ವಕೀಲರಲ್ಲ. ಆದರೂ ಪ್ರತಿಯೊಂದು ಕುಟುಂಬ ತಿಳಿದಿರಬೇಕಾದಷ್ಟನ್ನು ಹೇಳುವುದು ಅವಶ್ಯ. ತಂದೆ ಸ್ವಂತ ಗಳಿಸಿದ ಆಸ್ತಿಗೆ ಮೃತ್ಯುಪತ್ರ ಬರೆಯದೆ ಹೋದರೆ ಮಗಳೂ ಮಗನಷ್ಟೇ ಹಕ್ಕುದಾರಳು. ಇದು 1956ರ ಕಾಯಿದೆಯಿಂದಲೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿಯನ್ನು ನಮ್ಮ ರಾಜ್ಯ 1994ರಲ್ಲಿಯೇ ತಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಅದು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಬೇಕೆಂಬ ನಿಯಮವೇನೂ ಇಲ್ಲವೆಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲು ಕ್ರಮಬದ್ಧವಾಗಿ ಮುಗಿದ ವಾಟ್ನಿಗಳನ್ನು ಮಾತ್ರ ಇದು ಕೆದಕುವುದಿಲ್ಲ. ಅಂದಮೇಲೆ ತಂಗಿ ಕೇಳುತ್ತಿರುವುದು ದಾನವನ್ನಲ್ಲ. ಕೇಳುವುದೂ ಬಿಡುವುದೂ ಅವಳ ಇಚ್ಛೆ.

ಅಣ್ಣತಮ್ಮಂದಿರ ಮಾತನ್ನೂ ಕೇಳಬೇಕು. ಅವರೂ ನಮ್ಮ ರೋಗಿಗಳೇ. ಮೇಲೆ ಹೇಳಿದ ತಾಯಿಯ ಅಣ್ಣ ಅದೇ ವರ್ಷ ಹುಳಿತೇಗು, ಎದೆಯುರಿ, ನಿದ್ರಾಹೀನತೆ ಎಂದು ನಮ್ಮಲ್ಲಿಗೇ ಬಂದರು. ತಂಗಿಯೂ ಇಲ್ಲಿಗೇ ಬರುತ್ತಾಳೆಂದು ಅವರಿಗೆ ತಿಳಿದಿರಲಿಲ್ಲ, ನಾವೂ ಹೇಳಲಿಲ್ಲ. ಹಿತವಾದ ಆಹಾರವನ್ನು ಹಿತಮಿತವಾಗಿ ಉಂಡರೂ ಚಿಂತೆ, ಶೋಕ, ಭಯ, ಕ್ರೋಧಗಳಿಂದ ಕೂಡಿದವನಿಗೆ ಅದು ಜೀರ್ಣವಾಗುವುದಿಲ್ಲ ಎಂದು ಚರಕದ ವಿಮಾನಸ್ಥಾನ ಹೇಳುವುದಕ್ಕೆ ಅವರೇ ಉದಾಹರಣೆಯಾಗಿದ್ದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಇರುವುದು ಆರು ಎಕರೆ ಮಳೆಯಾಶ್ರಿತ ಹೊಲ. ಅವಳ ಮದುವೆಗೆ ಮಾಡಿದ ಸಾಲವನ್ನು ಎಂಟು ವರ್ಷ ತೀರಿಸಿದ್ದಾರೆ. ಎರಡು ಬಾಣಂತನ, ಪ್ರತಿ ಹಬ್ಬಕ್ಕೆ ಸೀರೆ ಕುಬಸ. ಹಾಸಿಗೆ ಹಿಡಿದ ತಾಯಿಯ ಮಲಮೂತ್ರ ಬಳಿದವಳು ಸೊಸೆಯೇ ಹೊರತು ಮಗಳಲ್ಲ. ಇವುಗಳಲ್ಲಿ ಮದುವೆಯ ಖರ್ಚನ್ನು ಪಾಲಿಗೆ ವಜಾ ಹಾಕುವುದು ನಮಗೆ ಒಪ್ಪಿಗೆಯಿಲ್ಲ. ಗಂಡುಮಕ್ಕಳ ಮದುವೆಗೂ, ಓದಿಗೂ ಆ ಮನೆಯಿಂದಲೇ ಖರ್ಚಾಗಿರುತ್ತದೆ, ಅದನ್ನು ಯಾರೂ ಬರೆದಿಡುವುದಿಲ್ಲ. ಆದರೆ ತಾಯಿಯ ಸೇವೆಯ ಮಾತು ನಿಜವಾದ ಮಾತು. ಆ ಸೊಸೆಯ ಸೊಂಟನೋವಿಗೆ ನಾವೇ ಔಷಧ ಕೊಟ್ಟಿದ್ದೇವೆ. ಅವಳ ದುಡಿಮೆಯನ್ನು ನಾದಿನಿ ಒಮ್ಮೆಯಾದರೂ ಬಾಯಿತುಂಬ ಒಪ್ಪಿಕೊಂಡಿದ್ದರೆ ಅರ್ಧ ಜಗಳ ಅಲ್ಲಿಯೇ ತಣ್ಣಗಾಗುತ್ತಿತ್ತೇನೋ. ಅದೇ ಸೊಸೆ ತನ್ನ ತವರಿನಲ್ಲಿ ಐದು ವರ್ಷಗಳ ಹಿಂದೆ ಹಕ್ಕು ಬಿಟ್ಟು ಸಹಿ ಮಾಡಿ ಬಂದವಳು ಎಂಬುದು ಆಮೇಲೆ ತಿಳಿಯಿತು. "ನಾನು ಬಿಟ್ಟೆ, ಅವಳೇಕೆ ಬಿಡಬಾರದು?" ಎಂಬ ಉರಿ ಅವಳದು. ಒಂದು ಮನೆಯಲ್ಲಿ ಆದ ಗಾಯ ಇನ್ನೊಂದು ಮನೆಯಲ್ಲಿ ಕೀವಾಗುವುದು ಹೀಗೆ.

ಲೋಭ ಗಂಡುಮಕ್ಕಳದು ಮಾತ್ರವೆಂದೂ ತಿಳಿಯಬೇಕಾಗಿಲ್ಲ. ಮೂವತ್ತು ವರ್ಷ ಸುಮ್ಮನಿದ್ದು, ಊರ ಪಕ್ಕ ಬೈಪಾಸ್ ರಸ್ತೆ ಬಂದು ಎಕರೆಗೆ ಬೆಲೆ ಏರಿದ ತಿಂಗಳಲ್ಲೇ ವಕೀಲರ ನೋಟಿಸು ಕಳುಹಿಸಿದ ಅಳಿಯಂದಿರಿದ್ದಾರೆ. ಅಲ್ಲಿ ಹೆಣ್ಣುಮಗಳು ಎರಡು ಕಡೆಯಿಂದಲೂ ಸಿಕ್ಕಿಬೀಳುತ್ತಾಳೆ. ಕೇಳದಿದ್ದರೆ ಗಂಡನ ಮನೆಯಲ್ಲಿ ಬೈಗುಳ, ಕೇಳಿದರೆ ತವರಿನ ಬಾಗಿಲು ಬಂದ್. ಅಳಿಯಂದಿರಾದವರು ತಮ್ಮ ಸ್ವಂತ ತಂಗಿಯ ಪಾಲನ್ನು ಕೊಟ್ಟಿದ್ದೇವೆಯೇ ಎಂದು ನೋಡಿಕೊಂಡು ಹೆಂಡತಿಯ ಪಾಲಿನ ಮಾತೆತ್ತಲಿ. ಇಷ್ಟು ಕೇಳುವ ಅಧಿಕಾರ ವೈದ್ಯನಿಗೆ ಇದೆಯೆಂದು ನಂಬಿದ್ದೇವೆ.

ಈಗ ನಮ್ಮ ಮನೆಯ ವಿಷಯ. ನಾವು ಮೂವರು ಸಹೋದರರು, ಇಬ್ಬರು ಸಹೋದರಿಯರು. ನಾವೇ ಹಿರಿಯರು. ತಂದೆಯವರು 2007ರಲ್ಲಿ ಲಿಂಗೈಕ್ಯರಾದರು. ಶಿವಗಣಾರಾಧನೆ ಮುಗಿದು ತಿಂಗಳಾಗಿರಲಿಲ್ಲ. ಇಬ್ಬರು ತಂಗಿಯರನ್ನೂ ಜೀಪಿನಲ್ಲಿ ಕೂರಿಸಿಕೊಂಡು ತಾಲ್ಲೂಕಿಗೆ ಹೋದೆವು. ಕಾಗದವನ್ನು ಮೊದಲೇ ಬರೆಸಿಟ್ಟಿದ್ದೆವು. ಓದಿ ಹೇಳಬೇಕೆಂಬ ಯೋಚನೆಯೂ ನಮಗೆ ಬರಲಿಲ್ಲ. "ಇಲ್ಲಿ ಸಹಿ ಮಾಡವ್ವ" ಎಂದೆವು, ಮಾಡಿದರು. ಆಮೇಲೆ ಖಾನಾವಳಿಯಲ್ಲಿ ಊಟ, ತಲಾ ಒಂದು ಇಳಕಲ್ಲ ಸೀರೆ. ಸಂಜೆ ಬಸ್ಸು ಹತ್ತಿಸಿ ಬಂದು ತಾಯಿಯವರಿಗೆ "ಎಲ್ಲಾ ಸುಸೂತ್ರ ಆತು" ಎಂದು ಹೇಳಿದುದು ಚೆನ್ನಾಗಿ ನೆನಪಿದೆ. ತಾಯಿಯವರು ಏನೂ ಹೇಳಲಿಲ್ಲ. ಪಂಚಮಿಗೆ ನಾವು ತಂಗಿಯರನ್ನು ತಪ್ಪದೆ ಕರೆದೆವು, ಉಡಿ ತುಂಬಿದೆವು. ಪ್ರೀತಿಯಲ್ಲಿ ಕೊರತೆ ಮಾಡಿಲ್ಲವೆಂಬ ಹೆಮ್ಮೆ ನಮಗಿತ್ತು.

ಕಿರಿಯ ತಂಗಿಯ ಯಜಮಾನರು ಅಕಾಲದಲ್ಲಿ ತೀರಿಕೊಂಡರು. ಅವಳು ಹೊಲಿಗೆ ಮಾಡಿ ಮಗನನ್ನು ಓದಿಸಿದಳು. ನಮ್ಮ ಬಳಿ ಒಂದು ರೂಪಾಯಿ ಕೇಳಲಿಲ್ಲ. ನಾವಾಗಿಯೇ ಕೊಟ್ಟದ್ದು ಹಬ್ಬದ ಸೀರೆ, ಮಗನಿಗೆ ಪುಸ್ತಕದ ದುಡ್ಡು. ಆ ಹುಡುಗ ದೊಡ್ಡವನಾಗಿ, ಒಂದು ಸಂಜೆ ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ, ಜಗಳದ ದನಿಯಿಲ್ಲದೆ ಕೇಳಿದನು: "ಮಾಮಾ, ಹೊಲದ ಉತಾರದಾಗ ನಮ್ಮವ್ವನ ಹೆಸರು ಎಂದರೆ ಇತ್ತೇನು?" ಇಷ್ಟೇ. ಆ ರಾತ್ರಿ ಎರಡು ಗಂಟೆಗೆ ನಮಗೂ ಎಚ್ಚರವಾಯಿತು. ಪರರ ನಿದ್ರಾಹೀನತೆಗೆ ಪಾದಾಭ್ಯಂಗ ಹೇಳುವ ವೈದ್ಯರು ಎಣ್ಣೆಯ ಬಟ್ಟಲು ಹಿಡಿದು ಕುಳಿತೆವು. ಉಪಯೋಗವಾಗಲಿಲ್ಲ.

ಎರಡು ವರ್ಷಗಳ ಹಿಂದೆ ಸಹೋದರರನ್ನು ಕೂರಿಸಿ ಮಾತನಾಡಿದೆವು. ಕಾಗದದ ಪ್ರಕಾರ ಕೊಡಬೇಕಾದದ್ದೇನೂ ಇಲ್ಲ, ಆದರೂ ಇಬ್ಬರು ತಂಗಿಯರಿಗೆ ಹೊಲದ ಇಂದಿನ ಬೆಲೆಯಲ್ಲಿ ಅವರ ಭಾಗವನ್ನು ಮೂರು ಸುಗ್ಗಿಗಳಲ್ಲಿ ಹಣವಾಗಿ ಕೊಡೋಣವೆಂದೆವು. ಒಬ್ಬ ತಮ್ಮ ಒಪ್ಪಿದನು. ಇನ್ನೊಬ್ಬ ತಮ್ಮ "ಆಗ ಜೀಪಿನಾಗ ಕುಂದ್ರಿಸಿಕೊಂಡು ಹೋದಾವ ನೀನ, ಈಗ ಧರ್ಮ ಹೇಳಾಕ ಬಂದಿ" ಎಂದು ಎದ್ದು ಹೋದನು. ಅವನ ಮಾತು ಸರಿಯಾಗಿಯೇ ಇತ್ತು. ಅವನು ಇಂದಿಗೂ ನಮ್ಮ ಮನೆಗೆ ಬರುವುದಿಲ್ಲ. ಹಿರಿಯ ತಂಗಿ ಹಣವನ್ನು ಮರಳಿಸಿದಳು. ಕಿರಿಯವಳು ತೆಗೆದುಕೊಂಡಳು, ಮನೆಯ ಮೇಲ್ಛಾವಣಿ ಹಾಕಿಸಿದಳು. ಇಬ್ಬರೂ ಮಾಡಿದ್ದು ಅವರವರ ಇಷ್ಟದಂತೆ. ಸಹಿ ಮಾಡಿದ ಹದಿನೈದಿಪ್ಪತ್ತು ವರ್ಷಗಳ ನಂತರ ಅವರನ್ನು ಯಾರಾದರೂ ಅವರ ಇಷ್ಟವನ್ನು ಕೇಳಿದ್ದು ಅದೇ ಮೊದಲು.

ಇದರಿಂದ ನಾವು ಕಲಿತದ್ದನ್ನು ಹೇಳುವುದಾದರೆ, ಈ ಕೆಲಸವನ್ನು ತಂದೆತಾಯಿಗಳು ಕಣ್ಣು ಮುಚ್ಚುವ ಮೊದಲೇ ಮಾಡಬೇಕು. ವಾಟ್ನಿಯ ಮಾತೆತ್ತಿದರೆ ಸಾವನ್ನು ಕರೆದಂತೆ ಎಂಬ ಅಂಜಿಕೆ ಹಿರಿಯರಲ್ಲಿದೆ. ನಮ್ಮ ವಯಸ್ಸಿನವರಿಗೆ ಇದನ್ನು ಒತ್ತಿ ಹೇಳುತ್ತೇವೆ: ಬಿಪಿ ನೋಡಿಸಿಕೊಳ್ಳಲು ತಿಂಗಳಿಗೊಮ್ಮೆ ಬರುವವರು, ಆಸ್ತಿಯ ಪತ್ರಗಳನ್ನು ತೆಗೆದು ಗಂಡು ಹೆಣ್ಣು ಎಲ್ಲ ಮಕ್ಕಳನ್ನೂ ಒಂದು ಜಮಖಾನೆಯ ಮೇಲೆ ಕೂರಿಸಿ ಮಾತನಾಡಲು ಒಂದು ದಿನ ತೆಗೆಯಿರಿ. ಹೆಣ್ಣುಮಕ್ಕಳನ್ನು ಅಡುಗೆಮನೆಯಲ್ಲಿ ಕೂರಿಸಿ ಗಂಡಸರಷ್ಟೇ ತೀರ್ಮಾನಿಸಿ ಆಮೇಲೆ ಹೇಳುವುದಲ್ಲ. ಹೊಲ ಸಣ್ಣದಿದ್ದರೆ ಅದನ್ನು ಹರಿದು ಹಂಚಲೇಬೇಕೆಂದಿಲ್ಲ. ಉಳುವವನ ಕೈಯಲ್ಲಿ ಹೊಲವಿದ್ದು ಉಳಿದವರಿಗೆ ಕಂತಿನಲ್ಲಿ ಬೆಲೆ ಕೊಡಬಹುದು, ಉತಾರದಲ್ಲಿ ಎಲ್ಲರ ಹೆಸರಿದ್ದು ಪೀಕಿನಲ್ಲಿ ಭಾಗ ಕೊಡಬಹುದು. ತಾಯಿತಂದೆಯನ್ನು ನೋಡಿಕೊಂಡವರಿಗೆ ಹೆಚ್ಚು ಕೊಡಬೇಕೆಂದಿದ್ದರೆ ತಂದೆತಾಯಿಯೇ ಎಲ್ಲರೆದುರು ಹೇಳಿ ಬರೆದಿಡಲಿ. ತಂಗಿ ತಾನಾಗಿ ಬಿಟ್ಟುಕೊಡುತ್ತಾಳೆಂದರೆ ಅದೂ ಒಳ್ಳೆಯದೇ. ಆದರೆ ಕಾಗದವನ್ನು ಅವಳ ಮನೆಗೆ ಕಳುಹಿಸಿ, ಓದಿಸಿಕೊಂಡು ಯೋಚಿಸಲು ತಿಂಗಳು ಸಮಯ ಕೊಡಿರಿ. ಮಣ್ಣು ಮಾಡಿ ಬಂದ ದುಃಖದ ದಿನಗಳಲ್ಲಿ, ಹಬ್ಬಕ್ಕೆ ಕರೆದ ದಿನ, ಬಾಣಂತನದಲ್ಲಿ ಸಹಿ ಕೇಳುವುದು ಸಲ್ಲದು.

ಮಾತು ಈಗಾಗಲೇ ಮುರಿದಿದ್ದರೆ? ಕೋರ್ಟಿನಲ್ಲಿ ದಾವೆ ನಡೆಯುತ್ತಿದ್ದರೂ ಪಂಚಮಿಗೆ ಕರೆಯಬಹುದು. ಈ ಮಾತಿಗೆ ನಕ್ಕವರಿದ್ದಾರೆ. ಆದರೆ ಒಂದೇ ತಾರೀಖಿಗೆ ಬಂದು, ಎದುರುಬದುರು ನಿಂತು, ಒಂದೇ ಬಸ್ಸಿನಲ್ಲಿ ಊರಿಗೆ ಮರಳುವ ಅಣ್ಣತಂಗಿಯನ್ನೂ ನಾವು ಬಲ್ಲೆವು. ಜಮೀನಿನ ಮಾತು ಜಮೀನಿನ ಜಾಗದಲ್ಲಿರಲಿ. ಊಟಕ್ಕೆ ಕುಳಿತಾಗ ಅದನ್ನು ತೆಗೆಯಬಾರದು. ಮೌನವಾಗಿ, ಅನ್ನದಲ್ಲಿ ಮನಸ್ಸಿಟ್ಟು ಉಣ್ಣಬೇಕೆಂದು ಆಹಾರವಿಧಿಯಲ್ಲಿ ಹೇಳಿದೆ. ಜಗಳವಿರುವ ಮನೆಗಳಿಗೆ ಆ ವಿಧಿ ಇನ್ನೂ ಅವಶ್ಯ. ವಾಟ್ಸಾಪ್ ಗುಂಪಿನಲ್ಲಿ ಚುಚ್ಚುಮಾತು ಹಾಕುವುದನ್ನು ಬಿಟ್ಟು ಯಾರಾದರೊಬ್ಬರು ಎದ್ದು ಹೋಗಿ ಬಾಗಿಲು ತಟ್ಟಬೇಕು. ಮಕ್ಕಳನ್ನಂತೂ ಈ ಜಗಳದ ಹೊರಗಿಡಿರಿ. ಸೋದರಮಾವ, ಸೋದರತ್ತೆ ಎಂಬ ನೆಂಟಸ್ತನ ಅವರಿಗೆ ತಮ್ಮದೇ ಹಕ್ಕಿನಿಂದ ಬಂದದ್ದು.

ನೋವು ನುಂಗಿರುವ ತಾಯಂದಿರಿಗೆ ಔಷಧದ ಜೊತೆ ನಾವು ಹೇಳುವುದು ಸ್ವಲ್ಪವೇ. ಅಳು ಬಂದರೆ ಅತ್ತುಬಿಡಿರಿ. ರಾತ್ರಿಯೂಟ ಬೇಗ ಮತ್ತು ಹಗುರವಾಗಿರಲಿ, ಮಲಗುವ ಮುನ್ನ ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ಸವರಿರಿ. ನಿದ್ರೆ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗಬೇಡಿರಿ. ಬದುಕೇ ಬೇಡವೆನಿಸುವಷ್ಟು ಬೇಸರವಾದರೆ ಅದನ್ನು ಮುಚ್ಚಿಡದೆ ಮನೋವೈದ್ಯರಲ್ಲಿಗೆ ಹೋಗಬೇಕು, ಅದರಲ್ಲಿ ನಾಚಿಕೆಯಿಲ್ಲ.

ಆ ತಾಯಿಯ ಕಥೆ ಏನಾಯಿತೆಂದು ಕೇಳುವಿರಿ. ಹಿರಿಯ ಅಣ್ಣನಿಗೆ ನಾವು ಎದೆಯುರಿಗೆ ಔಷಧ ಕೊಡುತ್ತ, ಹೆಸರು ಹೇಳದೆ, ನಮ್ಮ ಮನೆಯ ಜೀಪಿನ ಕಥೆ ಹೇಳಿದೆವು. ಅವರು ಕೇಳಿ, ಔಷಧ ತೆಗೆದುಕೊಂಡು, ಏನೂ ಆಡದೆ ಹೋದರು. ಕಳೆದ ಪಂಚಮಿಗೆ ಅವರು ತಂಗಿಯ ಮನೆಗೆ ಹೋಗಲಿಲ್ಲ. ಆದರೆ ಅವರ ಕಿರಿಯ ತಮ್ಮ ಮೋಟಾರ್ ಸೈಕಲ್ ಮೇಲೆ ಮಳೆಯಲ್ಲಿ ತೊಯ್ಸಿಕೊಂಡು ಹೋಗಿ, ಒಳಗೂ ಬಾರದೆ, ಕಟ್ಟೆಯ ಮೇಲೆ ಉಂಡಿಯ ಡಬ್ಬಿಯಿಟ್ಟು, "ವೈನಿ ಕೊಟ್ಟು ಕಳಿಸ್ಯಾಳ" ಎಂದು ಹೇಳಿ ಬಂದನಂತೆ. ಹಿರಿಯ ಅಣ್ಣನ ಹೆಂಡತಿ, ಹಕ್ಕು ಬಿಟ್ಟು ಸಹಿ ಮಾಡಿ ಬಂದಿದ್ದ ಅದೇ ಸೊಸೆ. ಮರುವಾರ ಆ ತಾಯಿ ನಮ್ಮಲ್ಲಿಗೆ ಬಂದಾಗ ಕಾಗದದಲ್ಲಿ ಎರಡು ಶೇಂಗಾ ಉಂಡಿ ಕಟ್ಟಿಕೊಂಡು ತಂದಿದ್ದರು. ನಮಗೆ ಸಕ್ಕರೆ ಕಾಯಿಲೆ. ಅರ್ಧ ಮುರಿದು ತಿಂದೆವು. ಹೊಲದ ಅಳತೆಗೆ ಸರ್ವೆಯವರು ಇನ್ನೂ ಬರಬೇಕಾಗಿದೆ.